ಮೆರವಣಿಗೆಗೆ ಮುಂಚೆ ಒಂದು ಬಕೆಟ್ ನೀರು

ಹೋದ ವಾರ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಚರಂಡಿ ತೆಗೆಸುತ್ತಿದ್ದರು. ಲೈನಿಂಗ್ ಬಟ್ಟೆಗೆಂದು ಬಂದಿದ್ದ ಹೆಂಗಸರೆಲ್ಲ ಸೆರಗು ಮೂಗಿಗೊತ್ತಿಕೊಂಡು ಓಡಿದರೆ ನಾನು ಅಲ್ಲೇ ನಿಂತುಬಿಟ್ಟೆ. ನನಗದು ಚರಂಡಿಯ ವಾಸನೆಯಾಗಿ ಬಡಿಯಲಿಲ್ಲ, ಕುದುರೆಯ ಗೊರಸು ಕೊಳೆತ ವಾಸನೆಯಾಗಿ ಬಡಿಯಿತು. ಅದನ್ನು ನನ್ನ ಮೂಗಿಗೆ ಹಿಡಿದು ಕಲಿಸಿದವರು ಒಬ್ಬರಿದ್ದರು... ಕುದುರೆ ಮೇಡಂ. ಅವರನ್ನು ನೆನೆಸಿಕೊಂಡರೆ ಈಗಲೂ ನನಗೆ ಮೊದಲು ಬರುವುದು ಸಿಟ್ಟು. ಯಾರ ಮೇಲೆ ಅಂತ ಕೇಳಿದರೆ ಒಬ್ಬರನ್ನೇ ತೋರಿಸಲಾರೆ, ಅವರನ್ನೂ ಸೇರಿಸಿಯೇ ಹೇಳಬೇಕಾಗುತ್ತದೆ.

ಹಲಸೂರಿನಲ್ಲಿ ನಮ್ಮದು ಮದುವೆಗೆ ಕುದುರೆ ಕೊಡುವ ಮನೆ. ಹಿತ್ತಲಿನ ತಗಡಿನ ಲಾಯದಲ್ಲಿ ಆಗ ಇದ್ದದ್ದು ಒಂದೇ ಕುದುರೆ, ಮಲ್ಲಿ ಅನ್ನುವ ಬಿಳಿ ಹೆಣ್ಣು ಕುದುರೆ. ಮದುಮಗನನ್ನು ಕೂರಿಸಿಕೊಂಡು ಬ್ಯಾಂಡ್‌ಸೆಟ್ಟಿನ ಹಿಂದೆ ಛತ್ರದವರೆಗೆ ನಡೆಯುವುದು ಅದರ ಕೆಲಸ. ಲಗಾಮು ಹಿಡಿಯುವುದು ನನ್ನ ಗಂಡ. ಹುರುಳಿ ಬೇಯಿಸುವುದು, ಲದ್ದಿ ಬಾಚುವುದು, ಮೈ ತಿಕ್ಕುವುದು ನಾನು. ಯಾರು ಯಾರೆಂದು ಮಲ್ಲಿಗೂ ಗೊತ್ತಿತ್ತು. ನನ್ನ ಚಪ್ಪಲಿ ಸದ್ದಿಗೆ ಕತ್ತು ಹೊರಗೆ ಹಾಕುತ್ತಿತ್ತು, ಅವರ ಬೈಕಿನ ಸದ್ದಿಗೆ ಕಿವಿ ಕೂಡ ಆಡಿಸುತ್ತಿರಲಿಲ್ಲ.

ಆ ಸಮಯದಲ್ಲಿ ಶಿವಾಜಿನಗರದ ಒಂದು ಹಳೇ ಶಾಲೆಯ ಹಿಂದಿನ ಶೆಡ್ಡಿನಲ್ಲಿ ಭಾನುವಾರದ ಮಧ್ಯಾಹ್ನ ಕುದುರೆ ಮಾಲೀಕರಿಗಾಗಿ ಕ್ಲಾಸು ಶುರುವಾಯಿತು. ಆರೈಕೆ ಹೇಗೆ, ಮೇವು ಎಷ್ಟು, ಹುಷಾರು ತಪ್ಪಿದರೆ ಮೊದಲು ಏನು ನೋಡಬೇಕು, ಎಲ್ಲ ಪುಕ್ಕಟೆ. ಕೊನೆಗೆ ಒಂದು ಸರ್ಟಿಫಿಕೇಟು. ಅದಿಲ್ಲದವರ ಕುದುರೆಯನ್ನು ಇನ್ನು ಮೇಲೆ ಮೆರವಣಿಗೆಗೇ ಬಿಡುವುದಿಲ್ಲವಂತೆ ಎಂದು ಯಾರೋ ಗಾಳಿಸುದ್ದಿ ಹಬ್ಬಿಸಿದ್ದರು. "ನಂಗೆ ಬುಕ್ಕಿಂಗ್ ಇರತ್ತೆ, ನೀನೇ ಹೋಗಿ ಕೂತ್ಕೊಂಡ್ ಬಾ. ಸರ್ಟಿಫಿಕೇಟ್‌ಗೆ ಮಾತ್ರ ನನ್ ಹೆಸ್ರು ಹಾಕ್ಸು" ಅಂದರು ನನ್ನ ಗಂಡ. ಹೋಗಿ ನೋಡಿದರೆ ಎಲ್ಲರ ಮನೆಯ ಕಥೆಯೂ ಅಷ್ಟೇ. ಒಬ್ಬರ ಭಾಮೈದ, ಒಬ್ಬರ ಅಳಿಯ, ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗಿದ್ದ ಕಲಬುರಗಿ ಕಡೆಯ ಗಾರೆ ಕೆಲಸದವನು. ಬಾಡಿಗೆ ಕೇಳುವುದನ್ನು ಒಂದು ವಾರ ತಡೆದಿದ್ದರಂತೆ, ಆ ಉಪಕಾರಕ್ಕೆ ಬಂದು ಕೂತಿದ್ದ.

ಮೇಡಂ ನಿವೃತ್ತರಾದ ಪಶುವೈದ್ಯರು. ಕಗ್ಗದಾಸಪುರದಿಂದ ಬಸ್ಸು ಬದಲಾಯಿಸಿ ಬರುತ್ತಿದ್ದರು. ನೂಲಿನ ಸೀರೆ, ಅದರ ಕೆಳಗೆ ಗಂಬೂಟು. ಕೋಪ ಸದಾ ಮೂಗಿನ ತುದಿಯಲ್ಲೇ. ಮೊದಲ ದಿನವೇ, "ಇಲ್ಲಿ ಕುದುರೆ ಯಜಮಾನ್ರು ಯಾರ‍್ಯಾರಿದೀರಿ, ಕೈ ಎತ್ತಿ" ಅಂದರು. ಜಟಕಾ ಓಡಿಸುತ್ತಿದ್ದ ಚಾಚಾ ಒಬ್ಬರೇ ಎತ್ತಿದರು. ಕುದುರೆ ಹೇಗಿದೆ ಎಂದು ಮೇಡಂ ಕೇಳಿದ್ದಕ್ಕೆ ಚಾಚಾ, "ಅದು ತೀರ‍್ಕೊಂಡು ಬಹಳ ದಿನ ಆಯ್ತಮ್ಮಾ. ಕುದುರೆ ಮಾತು ಕೇಳೋಣ ಅಂತ ಬಂದೆ" ಅಂದರು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದರು.

ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ಯಾರದೋ ಕುಂಟುತ್ತಿದ್ದ ಕುದುರೆಯನ್ನು ಶೆಡ್ಡಿಗೆ ತರಿಸಿ, ಕೊಳೆತ ಗೊರಸನ್ನು ಎತ್ತಿ ಹಿಡಿದು ಒಬ್ಬೊಬ್ಬರಿಗೂ ಮೂಸಿಸಿದರು. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಕೆಂಪು ಎಷ್ಟು ಬೇಗ ವಾಪಸ್ಸು ಬರುತ್ತದೆ ನೋಡಿ ಅಂದರು. ಹೊಟ್ಟೆಗೆ ಕಿವಿಯಿಟ್ಟು ಕೇಳುವುದನ್ನು ಕಲಿಸಿದರು. ಒಳಗೆ ಗುಡುಗುಡು ಅನ್ನುತ್ತಿದ್ದರೆ ಎಲ್ಲ ಸರಿಯಿದೆ ಅಂತ, ಸದ್ದೇ ಇಲ್ಲದಿದ್ದರೆ ಕೂಡಲೇ ಡಾಕ್ಟರನ್ನು ಕರೆಯಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಎಂದು ನನಗೆ ತಿಳಿದದ್ದೇ ಅಲ್ಲಿ. ತಿಂದದ್ದು ಒಳಗೆ ಸಿಕ್ಕಿಕೊಂಡರೆ ಹಿಂದಕ್ಕೆ ಬರಲು ದಾರಿಯಿಲ್ಲ, ಹೊಟ್ಟೆಶೂಲೆಯಿಂದ ಒದ್ದಾಡಿ ಸಾಯುತ್ತದೆ. ಆವತ್ತು ಮನೆಗೆ ಬಂದವಳೇ ಮಲ್ಲಿಯ ಹೊಟ್ಟೆಗೆ ಕಿವಿ ಕೊಟ್ಟು ನಿಂತೆ. ಅಷ್ಟು ವರ್ಷ ಜೊತೆಗಿದ್ದು ಒಂದು ದಿನವೂ ಕೇಳಿರಲಿಲ್ಲವಲ್ಲ ಅನ್ನಿಸಿತು.

ಮೇಡಂ ಬಡಿದಾಡಿದ್ದು ಮುಖ್ಯವಾಗಿ ಒಂದೇ ವಿಷಯಕ್ಕೆ. ಮೆರವಣಿಗೆಯ ದಿನ ನಮ್ಮವರು ಮಧ್ಯಾಹ್ನದಿಂದಲೇ ಕುದುರೆಗೆ ನೀರು ನಿಲ್ಲಿಸುತ್ತಿದ್ದರು. ಛತ್ರದ ಬಾಗಿಲಲ್ಲಿ ಆರತಿ ಎತ್ತುವಾಗ ಅದು ಉಚ್ಚೆ ಹೊಯ್ದರೆ ಮದುವೆಯವರ ಮುಂದೆ ಮಾನ ಹೋಗುತ್ತದೆ ಅಂತ. ಅದೇ ಮದುವೆಯವರು ಮುದ್ದಿಗೆಂದು ಲಾಡು, ನೆನೆಸಿದ ಕಡಲೆ ಅಂತ ಬಾಯಿಗೆ ತುರುಕುತ್ತಿದ್ದರು. ಒಣಗಿದ ಹೊಟ್ಟೆಗೆ ಲಾಡು, ಮೇಲೆ ಬಿಸಿಲು. "ನೀರು ಕೊಡದೆ ಇರೋದು ಶುದ್ಧ ಕೊಲೆ ಕಣ್ರೀ" ಎಂದು ಮೇಡಂ ಪ್ರತಿ ವಾರ ಕೂಗುತ್ತಿದ್ದರು. ಕೂಗಿಸಿಕೊಳ್ಳುತ್ತಿದ್ದವರು ಯಾರು? ಭಾಮೈದ, ಅಳಿಯ, ಗಾರೆಯವನು, ನಾನು. ನೀರು ಬೇಡ ಅಂದವರೆಲ್ಲ ಮನೆಯಲ್ಲಿ ಹಾಯಾಗಿ ಊಟ ಮಾಡಿ ಮಲಗಿರುತ್ತಿದ್ದರು.

ನಾನು ಮನೆಯಲ್ಲಿ ಹೇಳಿ ನೋಡಿದೆ. "ಓಹೋ, ಡಾಕ್ಟ್ರಾಗ್ಬಿಟ್ಯಾ?" ಅಂದರು ಇವರು. ಮತ್ತೆ ಹೇಳಿದೆ, ಜಗಳ ಮಾಡಿದೆ, ಮಾತು ಬಿಟ್ಟೆ. ಮುಂದಿನ ಮೆರವಣಿಗೆಗೆ ನಾನೇ ನೀರು ಕೊಡಲು ಹೋದರೆ ಲಾಯದ ಬಕೆಟ್ಟನ್ನು ತೆಗೆದು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದರು. ಮಲ್ಲಿ ಖಾಲಿ ತೊಟ್ಟಿಯನ್ನು ನೆಕ್ಕುತ್ತಿತ್ತು.

ಆ ಭಾನುವಾರ ಕ್ಲಾಸಿನ ಮಧ್ಯೆ ಎದ್ದು ನಿಂತೆ. "ನಂಗೆ ಹೇಳಿ ಏನ್ ಪ್ರಯೋಜ್ನ ಮೇಡಂ? ಲಗಾಮು ನನ್ ಕೈಲಿಲ್ಲ. ಇರೋರ‍್ಗೆ ಬಂದು ಹೇಳಿ" ಅಂದೆ. ಅವರು ಸೀಮೆಸುಣ್ಣ ಕೆಳಗಿಟ್ಟು, ಮುಂದಿನ ಮದುವೆ ಯಾವಾಗ, ಎಲ್ಲಿ ಎಂದು ಕೇಳಿದರು.

ಬಂದೇಬಿಟ್ಟರು. ಹಲಸೂರಿನಲ್ಲೇ ಮದುವೆ. ಬ್ಯಾಂಡಿನವರು ಇನ್ನೂ ಡ್ರಮ್ಮು ಬಿಗಿ ಮಾಡಿಕೊಳ್ಳುತ್ತಿದ್ದರು. ಮೇಡಂ ಎದುರು ಹೋಟೆಲಿನಿಂದ ಒಂದು ಬಕೆಟ್ ನೀರು ಹೊತ್ತುಕೊಂಡು ನೇರವಾಗಿ ಮಲ್ಲಿಯ ಮುಂದೆ ಇಟ್ಟರು. "ನಿಮಗೆ ಬುದ್ಧಿ ಇದೆಯೇನ್ರೀ? ಮೂಕ ಪ್ರಾಣಿನ ಒಣಗಿಸಿ ಸಾಯಿಸ್ತೀರಲ್ಲ" ಎಂದು ನನ್ನ ಗಂಡನನ್ನು ಬ್ಯಾಂಡಿನವರ ಮುಂದೆ, ಮದುಮಗನ ಮಾವಂದಿರ ಮುಂದೆ ತರಾಟೆಗೆ ತೆಗೆದುಕೊಂಡರು. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಅದೇ ಮಾತನ್ನು ಮೆಲ್ಲಗೆ ಹೇಳಿದ್ದರೆ ಕೇಳುತ್ತಿದ್ದರೋ ಏನೋ... ಆದರೆ ಮೆಲ್ಲಗೆ ಹೇಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಮಲ್ಲಿ ಮಾತ್ರ ತಲೆಯೆತ್ತದೆ ಬಕೆಟ್ಟಿನ ತಳ ಕಾಣುವವರೆಗೆ ಕುಡಿಯಿತು.

ಮುಂದೆ ಏನಾಯಿತೆಂದು ಊಹಿಸಲು ಕಷ್ಟವಿಲ್ಲ. ಛತ್ರದ ಬಾಗಿಲು, ಆರತಿ ತಟ್ಟೆ ಹಿಡಿದ ಹೆಣ್ಣಿನ ತಾಯಿ, ಎದುರಿಗೆ ವಿಡಿಯೋದವನು. ಸರಿಯಾಗಿ ಅಲ್ಲೇ ಮಲ್ಲಿ ಕಾಲು ಅಗಲಿಸಿ ನಿಂತಿತು. ರೇಷ್ಮೆ ಸೀರೆಯ ಅಂಚೆಲ್ಲ ತೊಯ್ದುಹೋಯಿತು. ಹುಡುಗನ ಕಡೆಯವರು ನನ್ನ ಗಂಡನ ಕೊರಳಪಟ್ಟಿಗೆ ಕೈ ಹಾಕಿದರು. ಸುದ್ದಿ ಫ್ರೇಜರ್ ಟೌನ್‌ವರೆಗೂ ಹೋಯಿತು. ಮರು ಭಾನುವಾರ ಶೆಡ್ಡಿನಲ್ಲಿ ಇದ್ದದ್ದು ನಾನು ಮತ್ತು ಚಾಚಾ. ಇವರು ಹೋಗಬೇಡ ಅಂದಿದ್ದರೂ ಹಟ ಹಿಡಿದು ಹೋಗಿದ್ದೆ. ಮೇಡಂ ಖಾಲಿ ಬೆಂಚುಗಳನ್ನು ನೋಡಿದರು, ಬಾಗಿಲನ್ನು ನೋಡಿದರು, ಆಮೇಲೆ ಪೂರ್ತಿ ಪಾಠ ಮಾಡಿದರು. ಕೆಲವು ವಾರ ಹಾಗೇ ನಡೆಯಿತು. ಆಮೇಲೆ ಶಾಲೆಯವರು ಶೆಡ್ಡನ್ನು ಗಾಡಿ ನಿಲ್ಲಿಸುವುದಕ್ಕೆ ಕೊಟ್ಟರು. ಸರ್ಟಿಫಿಕೇಟು ಯಾರ ಹೆಸರಿಗೂ ಬರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಒಂದು ದೊಡ್ಡ ಮದುವೆ. ಹಿಂದಿನದು ಮನಸ್ಸಿನಲ್ಲಿದ್ದುದರಿಂದ ಇವರು ಬೆಳಿಗ್ಗೆಯಿಂದಲೇ ನೀರು ನಿಲ್ಲಿಸಿದರು. ನಾನು ತವರಿನಲ್ಲಿದ್ದೆ, ಕೆ.ಆರ್. ಪುರಂನಲ್ಲಿ ಅಮ್ಮನಿಗೆ ಹುಷಾರಿರಲಿಲ್ಲ. ಮಾರನೇ ದಿನ ಬಂದು ನೋಡಿದರೆ ಮಲ್ಲಿ ಬೆವೆತು, ಕಾಲು ಕೆರೆಯುತ್ತ, ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಹೊಟ್ಟೆಗೆ ಕಿವಿಯಿಟ್ಟೆ. ಏನೂ ಇಲ್ಲ... ಮುಚ್ಚಿದ ಮನೆಗೆ ಕಿವಿ ಕೊಟ್ಟ ಹಾಗೆ. ಮೇಡಂಗೆ ಫೋನ್ ಮಾಡಿದೆ. ಆಟೋ ಮಾಡಿಕೊಂಡು ಬಂದರು. ಮೂಗಿನಿಂದ ಕೊಳವೆ ಇಳಿಸಿದರು, ಸೂಜಿ ಹಾಕಿದರು, ನಡೆಸಿ ನೋಡಿದರು. ಸಂಜೆಯ ಹೊತ್ತಿಗೆ ಮಲ್ಲಿ ಮಲಗಿದ್ದು ಏಳಲಿಲ್ಲ. ಆವತ್ತು ಬೈಯಲಿ ಎಂದು ಕಾದೆ. ಯಾರಿಗಾದರೂ ಬೈಯಲಿ, ನನಗಾದರೂ ಬೈಯಲಿ. ಅವರು ನಲ್ಲಿಯ ಕೆಳಗೆ ಕೈ ತೊಳೆದುಕೊಂಡು, "ಇನ್ನೊಂದು ತಂದ್ರೆ ನಂಗೊಂದ್ ಫೋನ್ ಮಾಡಮ್ಮಾ" ಎಂದಷ್ಟೇ ಹೇಳಿ ಹೋದರು. ನನ್ನ ಗಂಡ ಲಾಯದ ಕಂಬಕ್ಕೆ ಹಣೆಯೊತ್ತಿಕೊಂಡು ಅತ್ತರು. ಅದನ್ನು ನೋಡಿ ನನಗೆ ಪಾಪ ಅನ್ನಿಸಲಿಲ್ಲ, ಇನ್ನೂ ಸಿಟ್ಟು ಬಂತು.

ಬೇರೆ ಕುದುರೆ ತರಲು ನಮಗೆ ಬಹಳ ಕಾಲ ಹಿಡಿಯಿತು. ತಂದ ದಿನ ಫೋನ್ ಮಾಡಿದರೆ ಅವರ ಮಗಳು ಎತ್ತಿಕೊಂಡರು. ಅಮ್ಮ ತೀರಿಕೊಂಡರು, ಕಾರ್ಯಗಳೆಲ್ಲ ಮುಗಿದವು ಅಂದರು. ನೀವು ಯಾರು ಎಂದು ಕೇಳಿದರು. ಅವರ ಸ್ಟೂಡೆಂಟು ಅಂದೆ. ಹೇಳಿಕೊಳ್ಳಲು ನನಗೆ ಬೇರೆ ಸಂಬಂಧ ಇರಲಿಲ್ಲ.

ಈಗ ನಮ್ಮ ಲಾಯದಲ್ಲಿ ಎರಡು ಕುದುರೆಗಳಿವೆ. ಮೆರವಣಿಗೆಗೆ ಹೊರಡುವ ಮುಂಚೆ ತೊಟ್ಟಿ ತುಂಬಿಸುವುದು ಸ್ವತಃ ನನ್ನ ಗಂಡ. ಕುಡಿಸಿ, ಸುತ್ತಾಡಿಸಿ, ಉಚ್ಚೆ ಹೊಯ್ಯಿಸಿ, ಆಮೇಲೇ ಜೀನು ಕಟ್ಟುತ್ತಾರೆ. ಇಷ್ಟೇ ಇದ್ದದ್ದು ನೋಡಿ ಉಪಾಯ. ನಿನ್ನೆ ಗರುಡಾಚಾರ್‌ಪಾಳ್ಯದಿಂದ ಹೊಸದಾಗಿ ಕುದುರೆ ಕೊಂಡ ಇಬ್ಬರು ಬಂದಿದ್ದರು, ಹೇಗೆ ನೋಡಿಕೊಳ್ಳಬೇಕು ಎಂದು ಕೇಳಿಕೊಂಡು. ಇವರು ತೊಟ್ಟಿಯ ಪಕ್ಕ ನಿಂತು, ಒಳ್ಳೇ ಮೇಷ್ಟ್ರ ಹಾಗೆ, "ಮೆರವಣಿಗೆ ದಿನ ಮಾತ್ರ ನೀರು ತಪ್ಪಿಸ್ಬಾರ‍್ದು ಗುರು. ಇದೆಲ್ಲ ನಮ್ಮಪ್ಪ ಹೇಳ್ಕೊಟ್ಟಿದ್ದು" ಅಂದರು. ಅವರಪ್ಪನಂತೆ.

ನಿಮ್ಮಪ್ಪನಲ್ಲ, ಮೇಡಂ, ಎಂದು ಕೂಗಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕುದುರೆ ತೊಟ್ಟಿಗೆ ಮೂತಿಯಿಟ್ಟು ಕುಡಿಯಲು ಶುರು ಮಾಡಿತ್ತು. ಕುದುರೆ ನೀರು ಕುಡಿಯುವಾಗ ಪಕ್ಕದಲ್ಲಿ ದನಿಯೆತ್ತಬಾರದು, ಬೆದರಿ ಅರ್ಧಕ್ಕೇ ಬಿಟ್ಟುಬಿಡುತ್ತದೆ ಎಂದು, ಆ ಮದುವೆಯ ದಿನ ತಾವೇ ಮರೆತರೂ, ಕಲಿಸಿದವರೂ ಅವರೇ. ಬಾಯಿ ಮುಚ್ಚಿಕೊಂಡು ನಿಂತೆ.