ಅಜ್ಜನ ಹೆಸರಿನಲ್ಲಿ ಕೊಂಡ ರೈಫಲ್

ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯ ಡಾಕ್ಟರ್ ಹಾಲಪ್ಪ ಐವತ್ತು ದಾಟುವವರೆಗೆ ಒಂದು ಕೋಳಿಯ ಕುತ್ತಿಗೆಯನ್ನೂ ಮುರಿದವನಲ್ಲ. ರಾಣೆಬೆನ್ನೂರಿನ ಲಿಂಗಾಯತರ ಮನೆಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಎಂಬತ್ತರ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ಬಂದ. ಲೀಡ್ಸ್, ವುಲ್ವರ್‌ಹ್ಯಾಂಪ್ಟನ್ ಎಂದು ಊರೂರು ತಿರುಗಿ ಕೊನೆಗೆ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿ ನೆಲೆ ನಿಂತ. ಅಲ್ಲಿ ಡಾಕ್ಟರಿಗೆ ಎಲ್ಲಕ್ಕಿಂತ ಮೇಲಿನದಾದ ಕನ್ಸಲ್ಟೆಂಟ್ ಹುದ್ದೆ ಮಾತ್ರ ದಕ್ಕಲಿಲ್ಲ. ಅವನಿಂದ ಕೆಲಸ ಕಲಿತ ಹುಡುಗರು ಕನ್ಸಲ್ಟೆಂಟರಾಗಿ ಅವನಿಗೇ ಡ್ಯೂಟಿಯ ಪಾಳಿ ಹಾಕಿಕೊಡುವ ಕಾಲ ಬಂದರೂ ಅವನು ಇದ್ದಲ್ಲೇ ಇದ್ದ. ಯಾರ ಮೇಲೂ ಸಿಟ್ಟು ತೋರಿಸುವ ಸ್ವಭಾವ ಅವನದಲ್ಲ. ಆಪರೇಶನ್ ಥಿಯೇಟರಿನ ಕಾಫಿ ಕೋಣೆಯಲ್ಲಿ ಮೂಲೆಯ ಕುರ್ಚಿ ಹಿಡಿದು ಕೂರುತ್ತಿದ್ದ. ವಾರಾಂತ್ಯ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಚೆನ್ನಾಗಿತ್ತು ಅನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

೨೦೦೩ರ ಚಳಿಗಾಲದಲ್ಲಿ ಒಂದು ದಿನ ಮೂಳೆ ಸರ್ಜನ್ ಟಿಮ್ಮಿನ್ಸ್ ತಾನು ಹೊಡೆದ ಜಿಂಕೆಯ ಫೋಟೋ ತಂದು ಎಲ್ಲರಿಗೂ ತೋರಿಸುತ್ತಿದ್ದ. ಶ್ರಾಪ್‌ಶೈರಿನಲ್ಲಿ ಅವನ ಸ್ನೇಹಿತನೊಬ್ಬನಿಗೆ ಸ್ವಂತದ ಕಾಡು ಇತ್ತು. ಜಿಂಕೆಗಳು ಹೆಚ್ಚಾಗಿ ಎಳೆಯ ಗಿಡಗಳನ್ನೆಲ್ಲ ತಿಂದು ಹಾಕುತ್ತಿದ್ದವು. ಚಳಿಗಾಲದಲ್ಲಿ ಒಂದಷ್ಟನ್ನು ಹೊಡೆಯುವ ಕೆಲಸ ಟಿಮ್ಮಿನ್ಸನದು. ಫೋಟೋ ಕೈಯಿಂದ ಕೈಗೆ ಹೋಗಿ ಹಾಲಪ್ಪನ ಹತ್ತಿರ ಬಂದಾಗ ಯಾರೋ ಒಬ್ಬ, ಇವರಿಗೆ ಯಾಕೆ ತೋರಿಸುತ್ತೀರಿ, ಪಾಪ, ಇವರು ಬರೀ ಸೊಪ್ಪು ತಿನ್ನುವವರು ಎಂದು ತಮಾಷೆ ಮಾಡಿದ. ಕುಹಕವೇನೂ ಇರಲಿಲ್ಲ. ಆದರೂ ಹಾಲಪ್ಪನಿಗೆ ಎಲ್ಲೋ ಚುಚ್ಚಿತು. ಯೋಚಿಸುವ ಮೊದಲೇ ಬಾಯಿ ಆಡಿಬಿಟ್ಟಿತು: ನಮ್ಮ ಅಜ್ಜ ದೊಡ್ಡ ಶಿಕಾರಿ, ನಮ್ಮೂರ ಬಯಲಲ್ಲಿ ಕೃಷ್ಣಮೃಗ ಹೊಡೆಯುತ್ತಿದ್ದ.

ಕುರ್ಚಿಗಳು ಅವನ ಕಡೆ ತಿರುಗಿದವು. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಅಜ್ಜ ಈಶ್ವರಪ್ಪನಿಗೆ ರಾಣೆಬೆನ್ನೂರಿನಲ್ಲಿ ಜವಳಿ ಅಂಗಡಿ ಇತ್ತು, ಊರ ಹೊರಗೆ ಒಂದಿಷ್ಟು ಜೋಳದ ಹೊಲ. ಕೃಷ್ಣಮೃಗಗಳು ಹೊಲಕ್ಕೆ ನುಗ್ಗಿದರೆ ಅವನು ಕಲ್ಲು ಸಹ ಎತ್ತುತ್ತಿರಲಿಲ್ಲ. ಬದುವಿನ ಮೇಲೆ ನಿಂತು, "ಸಾಕು ನಡೀರೆವ್ವಾ, ನಮಗೂ ಒಂದೀಟು ಉಳಸ್ರಿ" ಎಂದು ಕೂಗುತ್ತಿದ್ದ. ಬಂದೂಕು ಅವನ ಮನೆಯಲ್ಲಿರಲಿ, ಅವನ ಓಣಿಯಲ್ಲೂ ಇರಲಿಲ್ಲ.

ಒಂದು ಸುಳ್ಳಿಗೆ ಇನ್ನೊಂದು ಊರುಗೋಲು ಬೇಕಾಗುತ್ತದೆ. ಕೇಳುವವರಿದ್ದರು, ಹಾಲಪ್ಪ ಹೇಳುತ್ತಾ ಹೋದ. ತಾನೂ ಚಿಕ್ಕಂದಿನಲ್ಲಿ ಅಜ್ಜನ ಜೊತೆ ಕಾಡು ಸುತ್ತಿದ್ದೆ ಎಂದ. ಹಾಗಾದರೆ ನಮ್ಮ ಜೊತೆ ಬರಬೇಕು ಎಂದು ಟಿಮ್ಮಿನ್ಸ್ ಕರೆದೇಬಿಟ್ಟ. ಟಿಮ್ಮಿನ್ಸ್ ಒಳ್ಳೆಯವನು. ಪೊಲೀಸರ ಪರವಾನಗಿಗೆ ತಾನೇ ಜಾಮೀನು ನಿಲ್ಲುತ್ತೇನೆ, ಮೊದಲ ವರ್ಷ ತನ್ನ ಜೊತೆಯಲ್ಲೇ ಬರಲಿ ಎಂದ. ಯಾವ ರೈಫಲ್ ಎಂಬುದನ್ನೂ ಬಿಡಿಸಿ ಹೇಳಿದ. ಇಲ್ಲಿ ಜಿಂಕೆಗೆ ಟೂ ಫೋರ್ ತ್ರೀ ಎಂಬ ಸಣ್ಣ ಕ್ಯಾಲಿಬರ್, ಅಂದರೆ ಸಣ್ಣ ಗುಂಡಿನ ಬಂದೂಕು ಸಾಕು, ಕಾನೂನಿಗೂ ಸರಿ. ಗುಂಡು ದೊಡ್ಡದಾದಷ್ಟೂ ಬಂದೂಕು ಭುಜಕ್ಕೆ ಜೋರಾಗಿ ಒದೆಯುತ್ತದೆ. ಒದೆತಕ್ಕೆ ಹೆದರಿದವನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ಜಿಂಕೆಯನ್ನು ಕೊಲ್ಲುವುದು ಗುಂಡಿನ ಗಾತ್ರವಲ್ಲ, ಗುಂಡು ಬಿದ್ದ ಜಾಗ. ಇಷ್ಟು ಹೇಳಿ, "ನನ್ನ ಮಗಳೂ ಅದರಲ್ಲೇ ಕಲಿತದ್ದು" ಎಂದು ಸೇರಿಸಿದ.

ಆ ಕೊನೆಯ ಮಾತೇ ಕೆಲಸ ಕೆಡಿಸಿತು. ಶಿಕಾರಿಯ ಮೊಮ್ಮಗ ಹೆಣ್ಣುಹುಡುಗಿ ಕಲಿತ ಬಂದೂಕು ಹಿಡಿಯುವುದೇ? ಹಾಲಪ್ಪ ಥರ್ಟಿ ಆಟ್ ಸಿಕ್ಸ್ ಬೇಕು ಎಂದ. ಅದು ದೊಡ್ಡ ಕೆಂಪು ಜಿಂಕೆಗೂ ಸಾಲುವ ಕ್ಯಾಲಿಬರ್. ಅಜ್ಜನದೂ ಅಂಥದ್ದೇ ಆಗಿತ್ತು ಎಂದೂ ಹೇಳಿದ. ಟಿಮ್ಮಿನ್ಸ್ ಹುಬ್ಬೇರಿಸಿ, ನಿಮಗೆ ಅಭ್ಯಾಸವಿದ್ದರೆ ಸರಿ ಎಂದು ಸುಮ್ಮನಾದ.

ಪರವಾನಗಿಗೆ ಮುನ್ನ ಪೊಲೀಸ್ ಕಡೆಯವನೊಬ್ಬ ಮನೆಗೆ ಬಂದ. ಗೋಡೆಗೆ ಬಿಗಿದ ಕಬ್ಬಿಣದ ಕಪಾಟನ್ನು ಅಲ್ಲಾಡಿಸಿ ನೋಡಿ, ಸೋಫಾದಲ್ಲಿ ಕೂತು, ಹಿಂದೆ ಬಂದೂಕು ಬಳಸಿದ್ದುಂಟೇ ಎಂದು ವಿಚಾರಿಸಿದ. ಹಾಲಪ್ಪ ಅಜ್ಜನ ಕತೆ ತೆಗೆದ. ಅದೇ ಹೊತ್ತಿಗೆ ಹೆಂಡತಿ ರಾಜೇಶ್ವರಿ ಚಹಾದ ಟ್ರೇ ಹಿಡಿದು ಒಳಗೆ ಬಂದಳು. ಆಕೆ ಹಾಲಪ್ಪನ ಸೋದರಮಾವನ ಮಗಳು. ಇವನ ತಾಯಿಯ ತಂದೆ ಈಶ್ವರಪ್ಪ ಆಕೆಗೆ ತಂದೆಯ ತಂದೆ. ಅಜ್ಜನ ಅಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಆಡಿ ಬೆಳೆದವರು. ಆಕೆ ಟ್ರೇ ಇಟ್ಟು, ಬಂದವನಿಗೆ ಸಕ್ಕರೆ ಎಷ್ಟು ಎಂದು ಕೇಳಿ, ಬೆರೆಸಿ ಕೊಟ್ಟು ಅಡುಗೆಮನೆಗೆ ಹೋದಳು. ಅವನು ಹೊರಟುಹೋದ ಮೇಲೂ ಗಂಡನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹಾಲಪ್ಪ ನಕ್ಕು ಹಾರಿಸಿಬಿಡುತ್ತಿದ್ದ. ಅಂದಿನಿಂದ ಊಟದ ಹೊತ್ತಿನಲ್ಲಿ ಅವಳ ಮುಖ ನೋಡಿ ಮಾತಾಡುವುದು ಅವನಿಗೆ ಕಷ್ಟವಾಯಿತು.

ರೈಫಲ್ ಬಂತು. ಹೊರಲು ಹಗುರ, ನೋಡಲು ಚೆಂದ. ಹಗುರವಾದದ್ದರಿಂದಲೇ ಅದರ ಒದೆತ ಇನ್ನೂ ಜೋರು ಎಂಬುದು ಅಭ್ಯಾಸದ ಬಯಲಿನಲ್ಲಿ ಮೊದಲ ಗುಂಡಿಗೇ ಗೊತ್ತಾಯಿತು. ಬಂದೂಕಿನ ಮೇಲೆ ಕೂಡಿಸಿದ್ದ ದುರ್ಬೀನಿಗೆ ಕಣ್ಣು ತೀರಾ ಹತ್ತಿರ ಇಟ್ಟಿದ್ದ. ಅದರ ಅಂಚು ಬಂದು ಹುಬ್ಬಿಗೆ ಬಡಿದು ರಕ್ತ ಸುರಿಯಿತು. ಟಿಮ್ಮಿನ್ಸ್ ಅಲ್ಲೇ ಪಟ್ಟಿ ಕಟ್ಟಿ, ಬೇಕಾದರೆ ತನ್ನ ಸಣ್ಣ ರೈಫಲ್ ತಗೊಳ್ಳಿ ಎಂದ. ಹಾಲಪ್ಪ ಬೇಡವೆಂದ. ಮುಂದಿನ ಭಾನುವಾರ ಟಿವಿಡೇಲ್ ಬಾಲಾಜಿ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ಇಂದುಶೇಖರ ಎಂಬ ಪರಿಚಯದವನು ಹುಬ್ಬಿನ ಗಾಯ ನೋಡಿ ಏನಾಯಿತು ಎಂದು ಕೇಳಿದಾಗ, ಕಪಾಟಿನ ಬಾಗಿಲು ಬಡಿಯಿತು ಎಂದ. ಪಕ್ಕದಲ್ಲಿ ರಾಜೇಶ್ವರಿ ನಿಂತಿದ್ದಳು. ಹಾಲಪ್ಪ ಪುಳಿಯೋಗರೆಯ ಎಲೆ ಹಿಡಿದು ಬೇರೆ ಮೂಲೆಗೆ ಸರಿದ.

ಆಮೇಲೆ ಕೆಲವು ಸಲ ಅಭ್ಯಾಸಕ್ಕೆ ಹೋದ. ಮರಳಿನ ಚೀಲದ ಮೇಲೆ ಬಂದೂಕು ಒರಗಿಸಿ, ಹಲ್ಲು ಕಚ್ಚಿ ಹೊಡೆದರೆ ಗುಂಡುಗಳು ಕಾಗದದ ಗುರಿಯ ಹತ್ತಿರ ಬೀಳುತ್ತಿದ್ದವು. ಭುಜ ನೀಲಿಗಟ್ಟುವ ಮೊದಲೇ ಇವತ್ತಿಗೆ ಸಾಕು ಎಂದು ಏಳುತ್ತಿದ್ದ. ಟ್ರಿಗರ್ ಎಳೆಯುವ ಆ ಗಳಿಗೆಯಲ್ಲಿ ತನ್ನ ಕಣ್ಣು ಮುಚ್ಚುತ್ತದೆಂದು ಅವನಿಗೆ ಗೊತ್ತಿತ್ತು. ಪಕ್ಕದಲ್ಲಿದ್ದವರಿಗೆ ಗೊತ್ತಾಗುತ್ತಿರಲಿಲ್ಲ.

ಮುಂದಿನ ನವೆಂಬರಿನಲ್ಲಿ ಹೆಣ್ಣು ಜಿಂಕೆ ಹೊಡೆಯುವ ಕಾಲ ಶುರುವಾಯಿತು. ಬೆಳಗಿನ ಮಂಜಿನಲ್ಲಿ ಟಿಮ್ಮಿನ್ಸ್ ಅವನನ್ನು ಮರಕ್ಕೆ ಆನಿಸಿದ ಎತ್ತರದ ಅಟ್ಟಣಿಗೆಗೆ ಹತ್ತಿಸಿ ಪಕ್ಕದಲ್ಲೇ ಕೂತ. ಬೆಳಕು ಹರಿದ ಮೇಲೆ ಒಂದು ಹೆಣ್ಣು ಜಿಂಕೆ ಜರೀಗಿಡಗಳ ಸಂದಿಯಿಂದ ಬಯಲಿಗೆ ಬಂದು ಅಡ್ಡಲಾಗಿ ನಿಂತಿತು. ಅದಕ್ಕಿಂತ ಸುಲಭದ ಗುರಿ ಸಿಗುವುದಿಲ್ಲ. ಟಿಮ್ಮಿನ್ಸ್ ಮೆಲ್ಲಗೆ ತಲೆಯಾಡಿಸಿದ. ಹಾಲಪ್ಪನ ಮೈಯೆಲ್ಲ ಒದೆತಕ್ಕೆ ಕಾದು ಬಿಗಿದುಕೊಂಡಿತು. ಕಣ್ಣು ಮುಚ್ಚಿತು, ಕೈ ಜಗ್ಗಿತು, ಗುಂಡು ಹಾರಿತು. ಕಣ್ಣು ಬಿಟ್ಟಾಗ ಜಿಂಕೆ ಹಿಂಗಾಲೊಂದನ್ನು ಎಳೆಯುತ್ತಾ ಕಾಡೊಳಗೆ ಓಡುತ್ತಿತ್ತು.

ಟಿಮ್ಮಿನ್ಸ್ ಬೈಯಲಿಲ್ಲ. ಸ್ವಲ್ಪ ಹೊತ್ತು ಕಾದು, ಕೆಳಗಿಳಿದು, ಮರದ ಬುಡಕ್ಕೆ ಕಟ್ಟಿದ್ದ ತನ್ನ ನಾಯಿಯನ್ನು ಬಿಟ್ಟ. ರಕ್ತದ ಜಾಡು ಹಿಡಿದು ತೊರೆ ದಾಟಿ, ಮುಳ್ಳುಬೇಲಿ ದಾಟಿ ನಡೆದರು. ಬಹಳ ಹೊತ್ತಿನ ಮೇಲೆ ನಾಯಿ ನಿಂತಿತು. ಜಿಂಕೆ ಒದ್ದೆ ಎಲೆಗಳ ಮೇಲೆ ಮಲಗಿತ್ತು. ಇವರನ್ನು ಕಂಡು ಏಳಲು ನೋಡಿತು, ಆಗಲಿಲ್ಲ. ನೋವು ತಿಳಿಯದಂತೆ ಮಾಡುವುದೇ ಹಾಲಪ್ಪ ಜೀವಮಾನವೆಲ್ಲ ಮಾಡಿದ ಕೆಲಸ. ಎದುರಿಗೆ ಬಿದ್ದಿರುವ ನೋವು ಅವನು ತನ್ನ ಕೈಯಾರೆ ಕೊಟ್ಟದ್ದು. ಮುಗಿಸಿ ಎಂದು ಟಿಮ್ಮಿನ್ಸ್ ಹೇಳಿದ. ಹಾಲಪ್ಪನ ಕೈ ಬಂದೂಕು ಎತ್ತಲಿಲ್ಲ. ಟಿಮ್ಮಿನ್ಸ್ ತನ್ನದರಿಂದ ಮುಗಿಸಿದ.

ಆಮೇಲೆ ತಿರುಗಿ ಕೇಳಿದ: "ಹೊಡೆಯುವಾಗ ಕಣ್ಣು ತೆರೆದಿತ್ತೇ?"

"ಇಲ್ಲ" ಎಂದ ಹಾಲಪ್ಪ. "ನಮ್ಮ ಅಜ್ಜ ಬಂದೂಕು ಮುಟ್ಟಿದವನೇ ಅಲ್ಲ. ನಾನೂ ಅಷ್ಟೇ. ಎಲ್ಲ ಸುಳ್ಳು."

ಟಿಮ್ಮಿನ್ಸ್ ಬಗ್ಗಿ ನಾಯಿಯ ಕೊರಳಿಗೆ ಹಗ್ಗ ಹಾಕಿದ. "ಹೊಸಬ ಅಂದಿದ್ದರೆ ಸಣ್ಣ ಬಂದೂಕು ಕೊಟ್ಟು ಕಾಗದಕ್ಕೆ ಹೊಡೆಸುತ್ತಿದ್ದೆ" ಎಂದ. "ಯಾರೂ ನಗುತ್ತಿರಲಿಲ್ಲ." ಮನೆಯ ಮುಂದೆ ಕಾರಿನಿಂದ ಇಳಿಸುವಾಗ ಸೋಮವಾರದ ಮೊದಲ ಕೇಸು ಸೊಂಟದ ಕೀಲಿನದು ಎಂದಷ್ಟೇ ನೆನಪಿಸಿದ.

ರಾಜೇಶ್ವರಿ ಅಡುಗೆಮನೆಯಲ್ಲಿ ಮೆಂತ್ಯಸೊಪ್ಪು ಸೋಸುತ್ತಿದ್ದಳು. ಹಾಲಪ್ಪ ಕೆಸರು ಬೂಟಿನಲ್ಲೇ ಹಿತ್ತಿಲ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ. ಆಕೆ ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಜಿಂಕಿ ಹೊಡದ್ರಿ, ಅದು ನಿಮ್ಮ ಪಾಪ, ನೀವು ನೋಡಿಕೋರಿ" ಎಂದಳು. "ಆದ್ರ ನಮ್ಮ ಅಜ್ಜನ ಕೈಯಾಗ ಬಂದೂಕ ಯಾಕ ಕೊಟ್ರಿ? ಸತ್ತಾಂವ ಬಂದು ಇಲ್ಲ ಅನ್ನಂಗಿಲ್ಲ ಅಂತನಾ?"

"ಅವತ್ತೇ ಯಾಕ ಕೇಳಲಿಲ್ಲ ನೀ?"

"ಹೊರಗಿನವರ ಮುಂದ ನಿಮ್ಮ ಮಾನ ಕಳೀಲೇನು?"

ಹಾಲಪ್ಪ ಬೂಟು ಬಿಚ್ಚಲು ಬಗ್ಗಿದ. ಅವನು ಕಳೆದುಕೊಂಡಿದ್ದ ಮಾನವನ್ನು ಅವಳು ಇಷ್ಟು ದಿನ ಒಬ್ಬಳೇ ಕಾದಿದ್ದಳು.

ಸೋಮವಾರ ಕಾಫಿ ಕೋಣೆಯಲ್ಲಿ ಎಲ್ಲರೂ ಇರುವಾಗ ಅಜ್ಜ ಶಿಕಾರಿಯಲ್ಲ, ಜವಳಿ ವ್ಯಾಪಾರಿ ಎಂದು ಹೇಳಿದ. ಕೆಲವರು ಅದನ್ನೂ ತಮಾಷೆ ಎಂದುಕೊಂಡು ನಕ್ಕರು. ಒಬ್ಬ ಮಾತ್ರ ಪೇಪರು ಮಡಚಿ ಎದ್ದುಹೋದ. ಟಿಮ್ಮಿನ್ಸ್ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನ ಮೌನ ಕರಗಲು ಆ ಚಳಿಗಾಲವೆಲ್ಲ ಬೇಕಾಯಿತು.

ದೊಡ್ಡ ರೈಫಲ್ಲನ್ನು ಹಾಲಪ್ಪ ಅಂಗಡಿಗೇ ಹಿಂತಿರುಗಿಸಿದ. ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಬಿಡಬೇಕೆಂದೇ ಅಂದುಕೊಂಡಿದ್ದ. ಆದರೆ ಬಿಟ್ಟರೆ ಬಂದೂಕು ಹಿಡಿದ ತನ್ನ ಕೈಯ ಕೊನೆಯ ಕೆಲಸ ಜಿಂಕೆಯ ಆ ಹಿಂಗಾಲೇ ಆಗಿ ಉಳಿಯುತ್ತದೆ ಅನ್ನಿಸಿತು. ಬೇಸಿಗೆಯಲ್ಲಿ ಟಿಮ್ಮಿನ್ಸನ ಕೋಣೆಗೆ ಹೋಗಿ, ನನಗೆ ಏನೂ ಬರುವುದಿಲ್ಲ, ಮೊದಲಿನಿಂದ ಕಲಿಸುತ್ತೀರಾ ಎಂದು ಕೇಳಿದ. ಟಿಮ್ಮಿನ್ಸ್ ಅವನನ್ನು ಎಲ್ಲಕ್ಕಿಂತ ಚಿಕ್ಕ ಬಂದೂಕಿನಿಂದ ಶುರು ಮಾಡಿಸಿದ. ಒಂದಿಡೀ ವರ್ಷ ಕಾಗದ, ಬರೀ ಕಾಗದ. ಗುಂಡು ತುಂಬಿದೆಯೋ ಇಲ್ಲವೋ ಹೇಳದೆ ಕೈಗೆ ಕೊಡುತ್ತಿದ್ದ. ಖಾಲಿ ಬಂದೂಕಿನಲ್ಲೂ ಇಲ್ಲದ ಒದೆತಕ್ಕೆ ಹೆದರಿ ಹಾಲಪ್ಪನ ಕೈ ಜಗ್ಗುವುದನ್ನು ಪಕ್ಕದ ಸಾಲಿನಲ್ಲಿ ಹೊಸದಾಗಿ ಕಲಿಯುತ್ತಿದ್ದ ಹುಡುಗಿಯರೂ ನೋಡುತ್ತಿದ್ದರು. ಕಿವಿ ಬಿಸಿಯಾಗುತ್ತಿತ್ತು, ಆದರೂ ಹೋಗುವುದನ್ನು ತಪ್ಪಿಸಲಿಲ್ಲ. ಕಣ್ಣು ಮುಚ್ಚುವುದು ನಿಂತ ಮೇಲೆ ಟೂ ಫೋರ್ ತ್ರೀ ಕೊಂಡ.

೨೦೦೭ರ ಜನವರಿಯ ಒಂದು ಬೆಳಗ್ಗೆ ಅದೇ ಕಾಡಿನಲ್ಲಿ ಒಂದು ಜಿಂಕೆ ಹೊಡೆದ. ಅದು ನಿಂತ ಜಾಗದಲ್ಲೇ ಕುಸಿಯಿತು. ಟಿಮ್ಮಿನ್ಸ್ ಭುಜ ತಟ್ಟಿದ. ಹಾಲಪ್ಪನಿಗೆ ಹೆಮ್ಮೆ ಅನ್ನಿಸಲಿಲ್ಲ. ಹೊಟ್ಟೆ ಸೀಳಿ ಕರುಳು ತೆಗೆಯುವ ಕೆಲಸವನ್ನು ಬೇರೆಯವರಿಗೆ ಬಿಡದೆ, ಹೇಳಿಸಿಕೊಂಡು ತಾನೇ ಮಾಡಿದ. ಮಾಂಸವನ್ನು ಟಿಮ್ಮಿನ್ಸನ ಮನೆಗೆ ಕೊಟ್ಟ.

ಮನೆಗೆ ಬಂದಾಗ ಹಿತ್ತಿಲ ಬಾಗಿಲ ಹೊರಗೆ ಬಿಸಿನೀರಿನ ಬಕೆಟ್ಟು, ಸೋಪು ಇದ್ದವು. ಅವನು ಮೊಣಕೈವರೆಗೆ ತೊಳೆದುಕೊಳ್ಳುತ್ತಿರುವಾಗ ರಾಜೇಶ್ವರಿ ಬಾಗಿಲಲ್ಲಿ ಬಂದು ನಿಂತಳು.

"ಓಡ್ತೇನು?" ಎಂದು ಕೇಳಿದಳು.

"ಇಲ್ಲ. ಅಲ್ಲೇ ಬಿತ್ತು."

ಆಕೆ ಅವನ ಕೈಗಳನ್ನು ನೋಡಿದಳು. ನಂತರ ಒಳಗೆ ಹೋಗಿ ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟಳು.