ಒಂದು ಕುಟುಂಬಕ್ಕೆ ಒಂದೇ ಕೂಪನ್

ಚೆನ್ನೈಯ ತ್ರಿಪ್ಲಿಕೇನಿನ ಆ ವಠಾರದಲ್ಲಿ ಕೂಪನ್ನಿನ ವಿಷಯಕ್ಕೆ ಸರಸಳ ಮಾತೇ ಕೊನೆಯ ಮಾತು. ಗಂಡ ಐತಪ್ಪ ಹತ್ತಿರದ ಹೋಟೆಲಿನಲ್ಲಿ ದೋಸೆ ಹುಯ್ಯುವವನು; ಹೆಂಡತಿ ಓದಿದ್ದು ಎಂಟನೆಯ ಇಯತ್ತೆಯಾದರೂ ವಠಾರಕ್ಕೆಲ್ಲ ಅವಳೇ ವಕೀಲೆ. ಕೂಪನ್ನಿನ ಬುಡದಲ್ಲಿ ಇರುವೆ ಸಾಲಿನಂತೆ ಅಚ್ಚಾದ ಷರತ್ತುಗಳನ್ನೆಲ್ಲ ಓದಿ, "ಇದು ಭಾನುವಾರ ನಡೆಯುದಿಲ್ಲ", "ಇದು ಸೋಪಿಗೆ ಮಾತ್ರ, ಸೋಪಿನ ಪುಡಿಗೆ ಅಲ್ಲ" ಎಂದು ತೀರ್ಪು ಕೊಡುತ್ತಿದ್ದಳು. ಕೂಪನ್ನಿಗೆ ಜೆರಾಕ್ಸ್ ಹಾಕಿಸಿ ಎರಡು ಸಲ ನಡೆಸಲು ಹೊರಟಿದ್ದ ಮಹಡಿ ಮನೆಯ ಪ್ರಮೋದನಿಗೆ, "ಅದು ಮೋಸ ಮಾರಾಯ, ಪೊಲೀಸ್ ಕೇಸಾದೀತು" ಎಂದು ಮೆಟ್ಟಿಲ ಮೇಲೆಯೇ ಚಳಿ ಬಿಡಿಸಿದ್ದಳು. ಸರಸಕ್ಕ ಅಡ್ಡದಾರಿ ಹಿಡಿಯುವವಳಲ್ಲ ಎಂಬ ಹೆಸರಿತ್ತು. ಆ ಹೆಸರಿನ ಮೇಲೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ.

ಆದರೆ ಕುಚ್ಚಲಕ್ಕಿ ಎಂದರೆ ಎಂಥವರ ನಿಯತ್ತೂ ಕೊಂಚ ಅಲುಗಾಡುತ್ತದೆ. ಚೆನ್ನೈಯ ಬಿಳಿ ಅನ್ನ ಉಂಡು ಉಂಡು ಬೇಸತ್ತ ಮಂಗಳೂರು ಕಡೆಯವರಿಗೆ ರೂಪೇಶ ಶೆಟ್ಟರ ಅಂಗಡಿಯೇ ಗತಿ. ಅಂಗಡಿಗೆ ಹತ್ತು ವರ್ಷ ತುಂಬಿದ ಖುಷಿಗೆ ಶೆಟ್ಟರು ಹತ್ತು ಕಿಲೋ ಕುಚ್ಚಲಕ್ಕಿಯ ಚೀಲ ಅರ್ಧ ಬೆಲೆಗೆ ಎಂದು ಗಿರಾಕಿಗಳ ಫೋನಿಗೆಲ್ಲ ಕೂಪನ್ ಕಳಿಸಿದರು. ಸರಸಳಿಗೂ ಬಂತು, ಐತಪ್ಪನಿಗೂ ಬಂತು. ಕೆಳಗೆ ಬರೆದಿತ್ತು: ಒಂದು ಕುಟುಂಬಕ್ಕೆ ಒಂದೇ ಕೂಪನ್. ಸರಸ ಅದನ್ನು ಮೂರು ಸಲ ಓದಿದಳು. ಮೂರನೆಯ ಸಲಕ್ಕೆ ದಾರಿ ಕಾಣಿಸಿತು. ಫೋನ್ ಕೊಟ್ಟುಹೋಗಿ ಎಂದಾಗ ಐತಪ್ಪ ಯಾಕೆಂದೂ ಕೇಳದೆ ಕೊಟ್ಟು ಕೆಲಸಕ್ಕೆ ಹೋದ.

ಅಂಗಡಿಯಲ್ಲಿ ಎರಡೂ ಫೋನುಗಳನ್ನು ಶೆಟ್ಟರ ಮುಂದಿಟ್ಟು, "ಎರಡು ಚೀಲ" ಎಂದಳು.

"ಸರಸಕ್ಕ, ಕುಟುಂಬಕ್ಕೆ ಒಂದೇ ಅಲ್ವಾ?"

"ಹೌದಲ್ಲ. ನನ್ನ ಬರಿ ಬೇರೆ, ಅವರ ಬರಿ ಬೇರೆ. ನಾವಿಬ್ರೂ ಒಂದೇ ಕುಟುಂಬ ಅಂತ ನೀವು ಹೇಳಿದ್ರೆ, ಅಣ್ಣ ತಂಗಿ ಮದುವೆ ಆದ ಹಾಗೆ ಆಯ್ತಲ್ಲ ಶೆಟ್ರೇ!"

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ತುಳುನಾಡಿನಲ್ಲಿ ಬರಿ ಎಂದರೆ ತಾಯಿಯ ಕಡೆಯಿಂದ ಬರುವ ವಂಶ; ಹಳಬರ ಲೆಕ್ಕದಲ್ಲಿ ಕುಟುಂಬ ಎಂದರೂ ಅದೇ. ಒಂದೇ ಬರಿಯವರು ಮದುವೆಯಾಗುವಂತಿಲ್ಲ. ಶೆಟ್ಟರೂ ಅದೇ ಕಟ್ಟುಕಟ್ಟಳೆಯವರು, ಏನು ತಾನೇ ಹೇಳಿಯಾರು? "ಕೂಪನ್ ಕಳಿಸುವ ಮೊದಲು ನಿಮ್ಮ ಹತ್ರ ಓದಿಸ್ಬೇಕಿತ್ತು" ಎಂದು ಸೋತು, ಎರಡು ಚೀಲ ಎತ್ತಿ ಕೊಟ್ಟರು. ಸರಸ ಉಬ್ಬಿಹೋದಳು.

ಅವಳ ಹಿಂದೆ ನಿಂತಿದ್ದವಳು ಅದೇ ವಠಾರದ ಪ್ರೇಮಮ್ಮ. ಅವಳ ಅತ್ತೆಗೆ ಆಪರೇಷನ್ ಆಗಿ, ಕುಚ್ಚಲಕ್ಕಿ ಗಂಜಿ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳು ಫೋನ್ ಮುಂದೆ ಮಾಡಿದಾಗ ಶೆಟ್ಟರು ಕೈಯಾಡಿಸಿದರು. "ಮುಗೀತಮ್ಮ. ಈಗ ಕೊಟ್ಟದ್ದೇ ಕೊನೇದು."

ಪ್ರೇಮಮ್ಮ ಜಗಳವಾಡಲಿಲ್ಲ. ಫೋನನ್ನು ಕೈಚೀಲಕ್ಕೆ ಹಾಕಿಕೊಂಡು ಸರಸಳ ಕಡೆ ತಿರುಗಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು, "ಅಲ್ಲ ಸರಸಕ್ಕ, ಎರಡು ಕುಟುಂಬ ಸರಿ. ಅನ್ನ ಒಂದೇ ಪಾತ್ರೆಯಲ್ಲಿ ಬೇಯುದಲ್ವಾ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಸರಸ ತಿರುಗಿ ಒಂದಕ್ಕೆರಡು ಆಡುತ್ತಿದ್ದಳು. ಷರತ್ತು ಮುರಿದಿರಲಿಲ್ಲ, ಕಾನೂನು ತನ್ನ ಕಡೆಗೇ ಇತ್ತು, ಆದರೂ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಒಂದು ಚೀಲವನ್ನು ಎಳೆದು ತಂದು ಕೌಂಟರಿನ ಹತ್ತಿರ ಇಟ್ಟಳು. "ಇದನ್ನು ಪ್ರೇಮಮ್ಮನ ಕೂಪನ್ನಿಗೆ ಹಾಕಿ."

ಶೆಟ್ಟರು ಕಂಪ್ಯೂಟರಿನ ಮೇಲೆ ಕೈಯಿಟ್ಟು ಹುಬ್ಬು ಹಾರಿಸಿದರು. "ಯಾರ ಕುಟುಂಬದ್ದು ಕ್ಯಾನ್ಸಲ್ ಮಾಡುದು? ಐತಪ್ಪಣ್ಣಂದಾ?"

ಸಾಲಿನವರು ಮತ್ತೆ ನಗಲು ತಯಾರಾದರು.

"ಬೇಡ, ನನ್ನದು ಮಾಡಿ," ಎಂದಳು ಸರಸ. "ಅವರಿಗೆ ಇದೆಲ್ಲ ಗೊತ್ತೇ ಇಲ್ಲ. ಆಸೆ ಮಾಡಿದ್ದು ನಾನು."