ನಾಗರತ್ನಾಳ ಬೆಚ್ಚಗಿನ ಮನೆ

ಚಳಿಗಾಲ ಬಂತೆಂದರೆ ಗುರುಪುತ್ರಪ್ಪನವರು ಖಾನಾಪುರ ಬಿಟ್ಟು ಬೆಳಗಾವಿಗೆ, ಹಿರಿಯ ಸೊಸೆ ಕಾಂತಾಳ ಮನೆಗೆ ಬರುತ್ತಿದ್ದರು. ಅವರದು ದಮ್ಮಿನ ಎದೆ. ಖಾನಾಪುರದ ಹಂಚಿನ ಮನೆಯಲ್ಲಿ ಮಂಜು ಒಳಗೇ ಬಂದು ಕೂತಂತಿರುತ್ತಿತ್ತು. ಮಹಾಂತೇಶ ನಗರದ ತನ್ನ ಸ್ಲ್ಯಾಬಿನ ಮನೆಯಲ್ಲಿ ಕಾಂತಾ ಅವರಿಗೆಂದೇ ಒಂದು ಕೋಣೆ ತೆರವು ಮಾಡಿ ಹೀಟರ್ ಹಚ್ಚಿಡುತ್ತಿದ್ದಳು. "ಥಂಡ್ಯಾಗ ನಮ್ಮ ಮಾವಾರಿಗೆ ನಾನ ಆಗಬೇಕ್ರೀ" ಎಂದು ಓಣಿಯವರ ಮುಂದೆ ಹೇಳುವಾಗ ಅವಳ ಮುಖ ಅರಳುತ್ತಿತ್ತು.

ಕಾಂತಾ ಬೀಡಿ ಎಂಬ ಹಳ್ಳಿಯ ಒಕ್ಕಲುತನದ ಮನೆಯವಳು, ಅರ್ಧಕ್ಕೇ ಶಾಲೆ ಬಿಟ್ಟವಳು. ಖಾನಾಪುರದ ಮನೆಯಲ್ಲಿದ್ದ ಅವಳ ನೆಗೆಣ್ಣಿ, ಕಿರಿಯ ಸೊಸೆ ನಾಗರತ್ನಾ ಓದಿದವಳು, ಮೆಲ್ಲಗೆ ಮಾತಾಡುವವಳು, ಎಲ್ಲರಿಗೂ ಬೇಕಾದವಳು. ಮಾವನ ಚಳಿಗಾಲವೊಂದು ಮಾತ್ರ ಕಾಂತಾಳ ಪಾಲಿಗಿತ್ತು.

ಹೋದ ವರ್ಷ ದೀಪಾವಳಿ ಮುಗಿದರೂ ಅವರು ಬರಲಿಲ್ಲ. ಫೋನ್ ಮಾಡಿದಾಗ, "ಈ ಸಲ ಇಲ್ಲೇ ಇರ್ತೀನವ್ವಾ. ನಾಗರತ್ನಾ ಮನಿ ಬೆಚ್ಚಗ ಮಾಡ್ಯಾಳ. ನಿನ್ನ ಹೀಟರಿಗೆ ಗಂಟಲಾ ಒಣಗತಿತ್ತು" ಎಂದರು.

ಇಷ್ಟು ವರ್ಷ ಅದನ್ನು ಒಮ್ಮೆಯೂ ಹೇಳಿರಲಿಲ್ಲ. ಕಾಂತಾ ಶೇಂಗಾ ಚಟ್ನಿ ಕೊಟ್ಟು ಬರುವ ನೆಪ ಮಾಡಿಕೊಂಡು ಖಾನಾಪುರದ ಬಸ್ಸು ಹತ್ತಿದಳು.

ನಾಗರತ್ನಾ ಹಂಚಿನ ಕೆಳಗೆ ಬಿದಿರಿನ ಚಾಪೆ ಕಟ್ಟಿಸಿ, ಅದರ ಮೇಲೆ ಒಣ ಭತ್ತದ ಹುಲ್ಲು ಹಾಸಿದ್ದಳು. ಕಿಟಕಿಯ ಸಂದುಗಳಿಗೆ ಹಳೆಯ ಸೀರೆಯ ಚಿಂದಿ ತುರುಕಿದ್ದಳು. ಬೆಳಿಗ್ಗೆ ಬಿಸಿಲು ಬೀಳುವ ಕಡೆಯ ಕಿಟಕಿ ತೆರೆದು, ಹೊತ್ತು ಇಳಿಯುವ ಮೊದಲು ಮುಚ್ಚಿ, ಮೇಲೆ ಕೌದಿ ಇಳಿಬಿಡುತ್ತಿದ್ದಳು. ಮಾವ ಸ್ವೆಟರ್ ಕೂಡ ಇಲ್ಲದೆ ಆರಾಮಾಗಿ ಕುಳಿತಿದ್ದರು. ತನ್ನ ಮನೆಯಲ್ಲಿ ಅವರು ಹಾಗೆ ಕುಳಿತದ್ದನ್ನು ಕಾಂತಾ ಕಂಡಿರಲಿಲ್ಲ.

"ಆ ಹುಲ್ಲಾಗ ಇಲಿ ಮನಿ ಮಾಡತಾವ ನೋಡು" ಎಂದಳು.

"ಬೇವಿನ ಸೊಪ್ಪ ಹಾಕೀನಕ್ಕಾ. ನೋಡೂಣು" ಎಂದಳು ನಾಗರತ್ನಾ.

ಮಧ್ಯಾಹ್ನ ಎಲ್ಲರೂ ಹಿತ್ತಲಲ್ಲಿದ್ದಾಗ ಕಾಂತಾ ಮಾವನ ಕೋಣೆಗೆ ಹೋಗಿ, ಕಿಟಕಿಯ ಚಿಂದಿಗಳನ್ನೆಲ್ಲ ಕಿತ್ತು ತನ್ನ ಚೀಲಕ್ಕೆ ತುಂಬಿಕೊಂಡಳು. ಅವರಿಗೆ ಚಳಿಯಾಗಲಿ, ನಾಳೆ ನನ್ನ ಜೊತೆ ಹೊರಡಲಿ ಎಂಬುದಷ್ಟೇ ಅವಳ ತಲೆಯಲ್ಲಿತ್ತು.

ಸಂಜೆ ಲಿಂಗಪೂಜೆಗೆ ಕೂತ ಮಾವ ಕೆಮ್ಮತೊಡಗಿದರು. ಕಾಂತಾ ಅಂದುಕೊಂಡದ್ದಕ್ಕಿಂತ ಕೆಮ್ಮು ಜೋರಾಗಿತ್ತು. ಗಾಳಿ ಎಲ್ಲಿಂದ ನುಗ್ಗುತ್ತಿದೆಯೆಂದು ನೋಡಲು ನಾಗರತ್ನಾ ಊದಿನಕಡ್ಡಿ ಹಚ್ಚಿಕೊಂಡು ಬಾಗಿಲು, ಗೋಡೆಗಳ ಗುಂಟ ಹಿಡಿಯುತ್ತ ನಡೆದಳು. ನೆಟ್ಟಗಿದ್ದ ಹೊಗೆ ಕಿಟಕಿಯ ಹತ್ತಿರ ಬಂದೊಡನೆ ಒಳಕ್ಕೆ ಬಾಗಿತು. ಕೌದಿ ಸರಿಸಿ ಬರಿದಾದ ಸಂದು ನೋಡಿದಳು. ಬಳಿಕ ಮಂಚದ ಮೇಲಿದ್ದ ಕಾಂತಾಳ ಚೀಲ ನೋಡಿದಳು. ಅದರ ಬಾಯಿಂದ ಹಸಿರು ಸೀರೆಯ ತುಂಡೊಂದು ಹೊರಗೆ ಇಣುಕುತ್ತಿತ್ತು.

ಕಾಂತಾ ಆ ತುಂಡನ್ನು ಒಳಕ್ಕೆ ತಳ್ಳಿದಳು.

"ಚಿಂದಿ ಇಲಿ ಒಯ್ದಿರಬೇಕ್ರೀ ಮಾವಾರ. ಅಕ್ಕಾ ಅಂದಿದ್ದ ಖರೇ ಆತು" ಎಂದಳು ನಾಗರತ್ನಾ. ಇನ್ನೊಂದು ಹಳೆಯ ಸೀರೆ ತಂದು ಹರಿದು, ಅರ್ಧ ಕಾಂತಾಳ ಕೈಗಿಟ್ಟಳು. "ಈ ಬಾಜು ನೀ ತುಂಬಕ್ಕಾ."

ಕಾಂತಾ ತಲೆ ತಗ್ಗಿಸಿ ತುಂಬಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ದೊಡ್ಡತನವೂ ನಾಗರತ್ನಾಳಿಗೇ ಸಿಕ್ಕಿತಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.

ಬೆಳಗಾವಿಗೆ ಮರಳಿದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಊದಿನಕಡ್ಡಿ ಹಿಡಿದು ತನ್ನ ಗಾಜಿನ ಕಿಟಕಿಗಳ ಸಂದುಗೊಂದುಗಳನ್ನು ಹುಡುಕಿದಳು, ಚಿಂದಿ ತುರುಕಿದಳು. ತಣ್ಣನೆಯ ಫರ್ಶಿ ನೆಲದ ಮೇಲೆ ಚಾಪೆ, ಅದರ ಮೇಲೆ ಜಮಖಾನೆ ಹಾಸಿದಳು. ಹಗಲು ಪರದೆ ಸರಿಸಿ ಬಿಸಿಲನ್ನು ಒಳಗೆ ಬಿಟ್ಟಳು. ಹೀಟರ್ ಅಟ್ಟ ಸೇರಿತು. ಗಂಡ ಓಂಕಾರ, "ಇದನ್ನೆಲ್ಲಾ ಎಲ್ಲಿ ಕಲತಿ?" ಎಂದು ಕೇಳಿದರೆ ಇನ್ನೊಂದು ಚಿಂದಿ ಹರಿಯತೊಡಗಿದಳು.

ಸಂಕ್ರಾಂತಿ ಕಳೆದ ಮೇಲೆ ಮಾವ ಒಂದು ಮದುವೆಗೆಂದು ಬಂದು, ಅವಳ ಮನೆಯಲ್ಲೇ ಉಳಿದರು. ಮರುದಿನ ಬೆಳಿಗ್ಗೆ ಚಾ ಕುಡಿಯುತ್ತ, "ಛಲೋ ಬೆಚ್ಚಗ ಆಗೇತವ್ವಾ. ಥೇಟ್ ನಾಗರತ್ನಾ ಮಾಡಿದಂಗ" ಎಂದರು.

"ಅಕಿಗಿಂತ ಮೊದಲ ನಮ್ಮವ್ವ ಬೀಡ್ಯಾಗ ಹಿಂಗ ಮಾಡತಿದ್ಲ್ರೀ" ಎಂದಳು ಕಾಂತಾ. ಅವಳವ್ವ ಹಾಗೇನೂ ಮಾಡಿದವಳಲ್ಲ.

ಮಾವ ತಲೆಯಾಡಿಸಿದರು. "ಹಂಗಾದ್ರ ಬರೂ ಥಂಡ್ಯಾಗ ಅರ್ಧ ಅಲ್ಲಿ ಇರ್ತೀನಿ, ಅರ್ಧ ಇಲ್ಲಿ."

"ಆಗಲ್ರೀ" ಎಂದಳು. ಯಾವ ಅರ್ಧದಲ್ಲಿ ಚಳಿ ಹೆಚ್ಚು, ಅದನ್ನು ತನ್ನ ಪಾಲಿಗೆ ಹೇಗೆ ಇಟ್ಟುಕೊಳ್ಳುವುದು ಎಂದು ಆಗಲೇ ಯೋಚಿಸತೊಡಗಿದ್ದಳು.